ಪ್ಲೂಟೊ: ನಿಲ್ಲದೆ ಹಾದುಹೋದ ನೌಕೆ ಕಂಡ ಲೋಕ

2015ರ ಜುಲೈ 14ರಂದು, ಭಾರತದಲ್ಲಿ ಸಂಜೆ 5 ಗಂಟೆ 19 ನಿಮಿಷ ಆಗಿದ್ದಾಗ, ನ್ಯೂ ಹೊರೈಜನ್ಸ್ ಎಂಬ ಅಮೆರಿಕದ ನೌಕೆ ಪ್ಲೂಟೊದ ನೆಲದಿಂದ ಸುಮಾರು 12,500 ಕಿ.ಮೀ. ಎತ್ತರದಲ್ಲಿ ಹಾದುಹೋಯಿತು. ಅದರ ವೇಗ ಸೆಕೆಂಡಿಗೆ ಸುಮಾರು 14 ಕಿ.ಮೀ. ನಿಲ್ಲುವುದಾಗಲಿ, ಒಂದು ಸುತ್ತು ಬರುವುದಾಗಲಿ ಅದಕ್ಕೆ ಸಾಧ್ಯವಿರಲಿಲ್ಲ. ಪ್ಲೂಟೊ ಎಂಬ ಕುಬ್ಜ ಗ್ರಹದ ಬಗೆಗೂ ಅದರ ಐದು ಚಂದ್ರರ ಬಗೆಗೂ ಇಂದು ನಮಗೆ ಗೊತ್ತಿರುವುದರಲ್ಲಿ ಬಹುಪಾಲು ಆ ಒಂದೇ ಭೇಟಿಯಲ್ಲಿ ಸಿಕ್ಕಿದ್ದು. ಅದರ ಯಾವ ಭಾಗ ಸ್ಪಷ್ಟವಾಗಿ ಕಂಡಿತು, ಯಾವುದು ಮಬ್ಬಾಗಿಯೇ ಉಳಿಯಿತು ಎಂಬುದನ್ನು ತೀರ್ಮಾನಿಸಿದ್ದೂ ಆ ವೇಗವೇ.

ಪ್ಲೂಟೊ ಪತ್ತೆಯಾದದ್ದು 1930ರ ಫೆಬ್ರುವರಿ 18ರಂದು, ಅರಿಜೋನಾದ ಫ್ಲ್ಯಾಗ್‌ಸ್ಟಾಫ್ ಊರಿನ ಲೋವೆಲ್ ವೀಕ್ಷಣಾಲಯದಲ್ಲಿ. ನೆಪ್ಚೂನ್‌ನ ಆಚೆ ದೊಡ್ಡದೊಂದು ಗ್ರಹ ಇರಲೇಬೇಕು ಎಂದು ನಂಬಿದ್ದ ಪರ್ಸಿವಲ್ ಲೋವೆಲ್ ಅಷ್ಟರಲ್ಲಿ ತೀರಿಕೊಂಡು ವರ್ಷಗಳೇ ಆಗಿದ್ದವು. ಹುಡುಕಾಟ ಮುಂದುವರಿಸಲು ನೇಮಕವಾದವರು ಕ್ಯಾನ್ಸಸ್‌ನ ರೈತ ಕುಟುಂಬದ ಕ್ಲೈಡ್ ಟಾಂಬೊ ಎಂಬ ತರುಣ. ಹೊಲದ ಕೆಲಸದ ನಡುವೆ ತಾವೇ ದೂರದರ್ಶಕ ಕಟ್ಟಿಕೊಂಡು ಆಕಾಶ ನೋಡುತ್ತಿದ್ದವರು. ಒಂದೇ ಜಾಗದ ಆಕಾಶವನ್ನು ಕೆಲವು ದಿನಗಳ ಅಂತರದಲ್ಲಿ ಎರಡು ಬಾರಿ ಗಾಜಿನ ತಟ್ಟೆಯ ಮೇಲೆ ಸೆರೆಹಿಡಿಯುವುದು, ಆ ಎರಡು ತಟ್ಟೆಗಳನ್ನು ಒಂದರ ಮೇಲೊಂದು ಮಿನುಗಿಸುವ ಯಂತ್ರದಲ್ಲಿಟ್ಟು ಲಕ್ಷಾಂತರ ಚುಕ್ಕೆಗಳ ನಡುವೆ ಜಾಗ ಬದಲಿಸಿದ ಒಂದನ್ನು ಹುಡುಕುವುದು ಅವರ ಕೆಲಸ. ಆ ವರ್ಷ ಜನವರಿ 23 ಮತ್ತು 29ರ ತಟ್ಟೆಗಳಲ್ಲಿ ಅಂಥ ಒಂದು ಚುಕ್ಕೆ ಸಿಕ್ಕಿತು. ಹೆಸರು ಸೂಚಿಸಿದವಳು ಆಕ್ಸ್‌ಫರ್ಡ್‌ನ 11 ವರ್ಷದ ಬಾಲಕಿ ವೆನೆಶಿಯಾ ಬರ್ನಿ.

ಲೋವೆಲ್ ಊಹಿಸಿದ್ದು ಭೂಮಿಗಿಂತ ಹಲವು ಪಟ್ಟು ಭಾರದ ಗ್ರಹವನ್ನು. ಸಿಕ್ಕಿದ್ದು ಭೂಮಿಯ ಸುಮಾರು ಐನೂರರಲ್ಲಿ ಒಂದು ಪಾಲು ತೂಗುವ ಹಿಮಗೋಳ. ಇದು ಗೊತ್ತಾಗಲು ಮತ್ತೆ 48 ವರ್ಷ ಬೇಕಾಯಿತು.

1978ರ ಜೂನ್‌ನಲ್ಲಿ ಅಮೆರಿಕದ ನೌಕಾಪಡೆಯ ವೀಕ್ಷಣಾಲಯದ ಜೇಮ್ಸ್ ಕ್ರಿಸ್ಟಿ ಪ್ಲೂಟೊದ ಕಕ್ಷೆಯನ್ನು ಇನ್ನಷ್ಟು ನಿಖರವಾಗಿ ಅಳೆಯಲು ಫೋಟೊ ತಟ್ಟೆಗಳನ್ನು ಪರೀಕ್ಷಿಸುತ್ತಿದ್ದರು. ಆ ತಟ್ಟೆಗಳನ್ನು ತೆಗೆದದ್ದೂ ಫ್ಲ್ಯಾಗ್‌ಸ್ಟಾಫ್ ಊರಲ್ಲೇ. ಕೆಲವು ತಟ್ಟೆಗಳಲ್ಲಿ ಪ್ಲೂಟೊ ದುಂಡಗಿರದೆ ಒಂದು ಕಡೆಗೆ ಉಬ್ಬಿಕೊಂಡಂತೆ ಕಾಣುತ್ತಿತ್ತು. ದೂರದರ್ಶಕ ಅಲುಗಾಡಿದ್ದರೆ ಅಕ್ಕಪಕ್ಕದ ನಕ್ಷತ್ರಗಳೂ ಹಾಗೆಯೇ ಉದ್ದವಾಗಬೇಕಿತ್ತು. ಅವು ದುಂಡಗೇ ಇದ್ದವು. ಹಳೆಯ ತಟ್ಟೆಗಳನ್ನು ತೆಗೆದು ನೋಡಿದಾಗ ಉಬ್ಬು ಸುಮಾರು 6.4 ದಿನಕ್ಕೊಮ್ಮೆ ಒಂದು ಸುತ್ತು ಬರುವುದು ಕಂಡಿತು. ಪ್ಲೂಟೊದ ಬೆಳಕು ಏರಿಳಿಯುವ ಅವಧಿಯೂ ಅಷ್ಟೇ ಎಂಬುದು ಮೊದಲೇ ತಿಳಿದಿತ್ತು. ಹೀಗೆ ಕ್ಯಾರನ್ ಎಂಬ ಚಂದ್ರ ಸಿಕ್ಕಿತು. ಚಂದ್ರ ಸಿಕ್ಕ ಮೇಲೆ ಅದರ ಚಲನೆಯಿಂದ ಇಡೀ ಜೋಡಿಯ ತೂಕವನ್ನು ಲೆಕ್ಕಹಾಕುವ ದಾರಿಯೂ ತೆರೆಯಿತು.

ಪ್ಲೂಟೊ, ಕ್ಯಾರನ್ ಜೋಡಿ ವಿಚಿತ್ರವಾದದ್ದು. ಪ್ಲೂಟೊದ ವ್ಯಾಸ 2,377 ಕಿ.ಮೀ., ಕ್ಯಾರನ್‌ನದು 1,212 ಕಿ.ಮೀ. ತಾಯಿಗ್ರಹದ ಅರ್ಧದಷ್ಟು ಅಗಲವಿರುವ ಚಂದ್ರ ಸೂರ್ಯನ ಬೇರಾವ ಗ್ರಹಕ್ಕೂ ಇಲ್ಲ. ಎರಡರ ನಡುವಿನ ಅಂತರ 19,600 ಕಿ.ಮೀ. ಮಾತ್ರ, ಮತ್ತು ಎರಡೂ ಸುತ್ತುವ ಸಮತೋಲನ ಬಿಂದು ಪ್ಲೂಟೊದ ಹೊರಗೆ, ಬರಿಯ ಆಕಾಶದಲ್ಲಿದೆ. ಎರಡೂ ಒಂದಕ್ಕೊಂದು ಸದಾ ಒಂದೇ ಮುಖ ತೋರಿಸುತ್ತವೆ. ಹಾಗಾಗಿ ಪ್ಲೂಟೊದ ಒಂದು ಗೋಳಾರ್ಧದಲ್ಲಿ ನಿಂತವರಿಗೆ ಕ್ಯಾರನ್ ಹುಟ್ಟುವುದೂ ಇಲ್ಲ, ಮುಳುಗುವುದೂ ಇಲ್ಲ. ಇನ್ನೊಂದು ಗೋಳಾರ್ಧದಲ್ಲಿ ಹುಟ್ಟಿ ಬೆಳೆದವರಿಗೆ, ಅಂಥವರು ಇದ್ದಿದ್ದರೆ, ಚಂದ್ರನೊಬ್ಬ ಇದ್ದಾನೆಂಬುದೇ ಗೊತ್ತಾಗುತ್ತಿರಲಿಲ್ಲ.

1985ರಿಂದ 1990ರವರೆಗೆ ಈ ಎರಡು ಕಾಯಗಳು ಭೂಮಿಯಿಂದ ನೋಡುವವರಿಗೆ ಒಂದನ್ನೊಂದು ಮರೆಮಾಡುತ್ತಾ ಸಾಗಿದವು. 248 ವರ್ಷದ ಪ್ಲೂಟೊ ಪರಿಭ್ರಮಣೆಯಲ್ಲಿ ಎರಡೇ ಬಾರಿ ಒದಗುವ ಈ ಸಂದರ್ಭವನ್ನು ಖಗೋಳಜ್ಞರು ಚೆನ್ನಾಗಿ ಬಳಸಿಕೊಂಡರು. 1988ರಲ್ಲಿ ಪ್ಲೂಟೊ ಒಂದು ನಕ್ಷತ್ರದ ಮುಂದೆ ಹಾದಾಗ ನಕ್ಷತ್ರದ ಬೆಳಕು ತಟ್ಟನೆ ಆರದೆ ನಿಧಾನವಾಗಿ ಕುಂದಿತು. ಅಲ್ಲಿ ತೆಳುವಾದ ಗಾಳಿಯ ಹೊದಿಕೆ ಇದೆ ಎಂಬುದಕ್ಕೆ ಅದು ಪುರಾವೆ. 1992ರಿಂದ ನೆಪ್ಚೂನ್‌ನ ಆಚೆಗಿನ ಕೈಪರ್ ಪಟ್ಟಿಯಲ್ಲಿ ಇನ್ನಷ್ಟು ಹಿಮಕಾಯಗಳು ಸಿಗತೊಡಗಿದವು. ಪ್ಲೂಟೊ ಒಂಟಿಯಲ್ಲ, ದೊಡ್ಡದೊಂದು ಬಳಗದ ಸದಸ್ಯ ಎಂಬುದು ಆಗ ಸ್ಪಷ್ಟವಾಯಿತು. ಇಷ್ಟಾದರೂ ಹಬಲ್ ದೂರದರ್ಶಕಕ್ಕೂ ಪ್ಲೂಟೊ ಕೆಲವೇ ಬಿಂದುಗಳ ಮಸುಕು ಕಲೆಯಾಗಿಯೇ ಕಾಣುತ್ತಿತ್ತು.

ಅಲ್ಲಿಗೆ ನೌಕೆ ಕಳಿಸುವ ಯೋಜನೆಗಳಿಗೆ ಕೊರತೆ ಇರಲಿಲ್ಲ, ಅವು ರದ್ದಾಗುವುದಕ್ಕೂ ಕೊರತೆ ಇರಲಿಲ್ಲ. ವಾಯೇಜರ್ 1 ನೌಕೆಯನ್ನು ಪ್ಲೂಟೊ ಕಡೆಗೆ ತಿರುಗಿಸಬಹುದಿತ್ತು. ನಾಸಾ ಅದರ ಬದಲು ಶನಿಯ ಚಂದ್ರ ಟೈಟನ್‌ನ ಸಮೀಪ ನೋಟವನ್ನು ಆರಿಸಿಕೊಂಡಿತು. ಟೈಟನ್ ಮಂಜಿನ ಮುಸುಕಿನಲ್ಲಿ ಏನೂ ಕಾಣಗೊಡಲಿಲ್ಲವಾದರೂ ಆಗಿನ ತಿಳಿವಳಿಕೆಯಲ್ಲಿ ಅದು ತಪ್ಪು ನಿರ್ಧಾರವಲ್ಲ. 1991ರಲ್ಲಿ ಅಮೆರಿಕದ ಅಂಚೆ ಇಲಾಖೆ ಪ್ಲೂಟೊ ಇನ್ನೂ ಅನ್ವೇಷಣೆಯಾಗಿಲ್ಲ ಎಂದು ಬರೆದ 29 ಸೆಂಟಿನ ಚೀಟಿ ಹೊರತಂದಿತು. ಹಲವರಿಗೆ ಅದು ಚುಚ್ಚಿತು. ತೊಂಬತ್ತರ ದಶಕದುದ್ದಕ್ಕೂ ಕಾಗದದ ಮೇಲೆ ಬೆಳೆದ ಯೋಜನೆಗಳಲ್ಲಿ ಕೊನೆಯದು 2000ದಲ್ಲಿ ವೆಚ್ಚದ ಕಾರಣಕ್ಕೆ ನಿಂತುಹೋಯಿತು. 2001ರ ಕೊನೆಯಲ್ಲಿ ಆಲನ್ ಸ್ಟರ್ನ್ ನೇತೃತ್ವದ ನ್ಯೂ ಹೊರೈಜನ್ಸ್ ಆಯ್ಕೆಯಾಯಿತು. ನೌಕೆ ಕಟ್ಟಿದ್ದು ಮೇರಿಲ್ಯಾಂಡಿನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅನ್ವಯಿಕ ಭೌತವಿಜ್ಞಾನ ಪ್ರಯೋಗಾಲಯ.

ನೌಕೆಯ ತೂಕ 478 ಕಿ.ಗ್ರಾಂ. ಸೂರ್ಯನ ಬೆಳಕು ನಂಬುವಂತಿಲ್ಲದ ದೂರವಾದ್ದರಿಂದ ಪ್ಲುಟೋನಿಯಂ ಕ್ಷಯಿಸುವಾಗ ಬರುವ ಶಾಖದಿಂದ ವಿದ್ಯುತ್ ತಯಾರಿಸುವ ಸಾಧನವನ್ನು ಜೋಡಿಸಲಾಯಿತು. ಪ್ಲೂಟೊ ತಲುಪುವ ಹೊತ್ತಿಗೆ ಅದರಿಂದ ಬರುತ್ತಿದ್ದುದು ಸುಮಾರು 200 ವಾಟ್. ಏಳು ಉಪಕರಣಗಳು, ಕಂಪ್ಯೂಟರು, ರೇಡಿಯೊ ಎಲ್ಲವೂ ಅಷ್ಟರಲ್ಲೇ ಬದುಕಬೇಕು. ಉಪಕರಣಗಳಲ್ಲಿ ಒಂದಾದ ಧೂಳುಮಾಪಕವನ್ನು ವಿದ್ಯಾರ್ಥಿಗಳೇ ತಯಾರಿಸಿದ್ದರು. ಅದಕ್ಕೆ ವೆನೆಶಿಯಾ ಬರ್ನಿಯ ಹೆಸರಿದೆ. ಕ್ಯಾಮೆರಾಗಳನ್ನು ತಿರುಗಿಸುವ ಚಲಿಸುವ ತೋಳು ಇಲ್ಲ. ಯಾವುದನ್ನು ನೋಡಬೇಕಾದರೂ ಇಡೀ ನೌಕೆಯೇ ತಿರುಗಬೇಕು. ತಿರುಗಿದರೆ ಆಂಟೆನಾ ಭೂಮಿಯಿಂದ ಮುಖ ತಿರುಗಿಸುತ್ತದೆ. ಅಂದರೆ ನೋಡುವಾಗ ಮಾತಾಡುವಂತಿಲ್ಲ, ಮಾತಾಡುವಾಗ ನೋಡುವಂತಿಲ್ಲ. ಹಗುರಾಗಿರಲೆಂದು ಮಾಡಿಕೊಂಡ ಈ ರಾಜಿಗೆ ಮುಂದೆ ಬೆಲೆ ತೆರಬೇಕಾಗಿ ಬಂತು.

2006ರ ಜನವರಿ 19ರಂದು ಅಟ್ಲಾಸ್ 5 ರಾಕೆಟ್ ಅದನ್ನು ಸೆಕೆಂಡಿಗೆ 16 ಕಿ.ಮೀ.ಗಿಂತ ಹೆಚ್ಚಿನ ವೇಗದಲ್ಲಿ ಎಸೆಯಿತು. ಭೂಮಿಯನ್ನು ಬಿಟ್ಟ ಯಾವ ನೌಕೆಯೂ ಅದುವರೆಗೆ ಅಷ್ಟು ವೇಗವಾಗಿ ಹೊರಟಿರಲಿಲ್ಲ. ಅಪೊಲೊ ಯಾತ್ರಿಗಳಿಗೆ ಮೂರು ದಿನ ಹಿಡಿದ ಚಂದ್ರನ ದೂರವನ್ನು ಇದು ಒಂಬತ್ತು ಗಂಟೆಯಲ್ಲಿ ದಾಟಿತು. ಒಳಗೆ ಒಂದು ಪುಟ್ಟ ಡಬ್ಬಿಯಲ್ಲಿ, 1997ರಲ್ಲಿ ತೀರಿಕೊಂಡ ಕ್ಲೈಡ್ ಟಾಂಬೊ ಅವರ ಚಿತಾಭಸ್ಮದ ಸ್ವಲ್ಪ ಭಾಗ. ಜೊತೆಗೆ ಆ ಅಂಚೆ ಚೀಟಿಯೂ. ಉಡಾವಣೆಯಾಗಿ ಏಳು ತಿಂಗಳಾಗಿತ್ತಷ್ಟೆ, ಆಗಸ್ಟ್ 24ರಂದು ಪ್ರಾಗ್‌ನಲ್ಲಿ ಸೇರಿದ್ದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟ ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದು ಕುಬ್ಜ ಗ್ರಹ ಎಂದು ಕರೆಯಿತು. ಒಂಬತ್ತನೆಯ ಗ್ರಹಕ್ಕೆಂದು ಹೊರಟ ನೌಕೆಯ ಗುರಿಗೆ ಹಾದಿಯಲ್ಲೇ ಹಿಂಬಡ್ತಿ ಸಿಕ್ಕಿತು.

2007ರ ಫೆಬ್ರುವರಿ 28ರಂದು ನೌಕೆ ಗುರುಗ್ರಹವನ್ನು ಬಳಸಿಕೊಂಡು ಹೋಯಿತು. ಗುರುವಿನ ಸೆಳೆತದಿಂದ ವೇಗ ಇನ್ನೂ ಸೆಕೆಂಡಿಗೆ 4 ಕಿ.ಮೀ.ಯಷ್ಟು ಏರಿ ಪಯಣದ ಮೂರು ವರ್ಷ ಉಳಿಯಿತು. ಹೋಗುತ್ತಾ ಅಯೊ ಎಂಬ ಚಂದ್ರನ ಜ್ವಾಲಾಮುಖಿಯೊಂದು 300 ಕಿ.ಮೀ.ಗೂ ಎತ್ತರಕ್ಕೆ ಉಗುಳುವುದನ್ನು ಚಿತ್ರೀಕರಿಸಿತು. ಆ ಜ್ವಾಲಾಮುಖಿಗೆ ನಮ್ಮ ವೇದಗಳ ದೇವಶಿಲ್ಪಿ ತ್ವಷ್ಟೃವಿನ ಹೆಸರು. ಅಲ್ಲಿಂದಾಚೆಗೆ ಎಂಟು ವರ್ಷ ಹೆಚ್ಚಿನ ಕಾಲ ನಿದ್ದೆ. ಮಲಗಿದ್ದ ನೌಕೆ ವಾರಕ್ಕೊಮ್ಮೆ ಒಂದು ಸರಳ ಸಂಕೇತ ಕಳಿಸಿ ತಾನು ಕ್ಷೇಮ ಎನ್ನುತ್ತಿತ್ತು.

ಇತ್ತ ಭೂಮಿಯಲ್ಲಿ ಆತಂಕ ಬೆಳೆಯುತ್ತಿತ್ತು. 2005ರಲ್ಲಿ ಹಬಲ್ ಚಿತ್ರಗಳಲ್ಲಿ ನಿಕ್ಸ್ ಮತ್ತು ಹೈಡ್ರಾ ಎಂಬ ಪುಟ್ಟ ಚಂದ್ರರು ಸಿಕ್ಕಿದ್ದರು. 2011ರಲ್ಲಿ ಕರ್ಬೆರೋಸ್, 2012ರಲ್ಲಿ ಸ್ಟಿಕ್ಸ್ ಸೇರಿಕೊಂಡವು. ಚಂದ್ರರು ಹೆಚ್ಚಿದಷ್ಟೂ ಉಲ್ಕೆಗಳು ಅವಕ್ಕೆ ಬಡಿದು ಎಬ್ಬಿಸಿದ ಚೂರುಗಳೂ ಹೆಚ್ಚು. ಸೆಕೆಂಡಿಗೆ 14 ಕಿ.ಮೀ. ವೇಗದಲ್ಲಿ ಕೆಲವೇ ಮಿಲಿಮೀಟರ್ ಗಾತ್ರದ ಕಣ ತಗುಲಿದರೂ ನೌಕೆ ಕಥೆ ಮುಗಿದಂತೆ. ಕೊನೆಯ ವಾರಗಳಲ್ಲಿ ನೌಕೆಯ ಕ್ಯಾಮೆರಾವೇ ಮುಂದಿನ ದಾರಿಯಲ್ಲಿ ಉಂಗುರವೋ ಇನ್ನೊಂದು ಚಂದ್ರನೋ ಇದೆಯೇ ಎಂದು ಹುಡುಕಿತು. ಏನೂ ಸಿಗಲಿಲ್ಲ.

ನಿಜವಾದ ಗಂಡಾಂತರ ಬಂದದ್ದು ಒಳಗಿನಿಂದ. ಜುಲೈ 4, ಅಮೆರಿಕದ ಸ್ವಾತಂತ್ರ್ಯ ದಿನ, ರಜೆ. ಅಲ್ಲಿಯ ಮಧ್ಯಾಹ್ನ 1 ಗಂಟೆ 54 ನಿಮಿಷಕ್ಕೆ ನೌಕೆಯ ಸಂಕೇತ ನಿಂತುಹೋಯಿತು. ಕಾರ್ಯಾಚರಣೆಯ ಹೊಣೆ ಹೊತ್ತಿದ್ದ ಆಲಿಸ್ ಬೋಮನ್ ಮತ್ತವರ ತಂಡ ನಿಯಂತ್ರಣ ಕೊಠಡಿಯಲ್ಲಿ ಕಾಯಬೇಕಾಯಿತು. ಒಂದು ಗಂಟೆ 21 ನಿಮಿಷದ ಬಳಿಕ ಸಂಕೇತ ಮರಳಿತು, ಆದರೆ ಬಂದದ್ದು ಬದಲಿ ಕಂಪ್ಯೂಟರಿನಿಂದ. ಹೊಸ ಚಿತ್ರಗಳನ್ನು ಕುಗ್ಗಿಸಿ ತುಂಬಿಡುವ ಕೆಲಸ ಮತ್ತು ಭೇಟಿಯ ಒಂಬತ್ತು ದಿನಗಳ ಆದೇಶಪಟ್ಟಿಯನ್ನು ಬರೆದುಕೊಳ್ಳುವ ಕೆಲಸ ಒಂದೇ ಹೊತ್ತಿಗೆ ಬಿದ್ದು ಮುಖ್ಯ ಕಂಪ್ಯೂಟರ್ ಕೈಚೆಲ್ಲಿತ್ತು. ಆ ದೂರಕ್ಕೆ ಒಂದು ಪ್ರಶ್ನೆ ಕಳಿಸಿ ಉತ್ತರ ಪಡೆಯಲು ಒಂಬತ್ತು ಗಂಟೆ ಬೇಕು. ಆದೇಶಪಟ್ಟಿ ಶುರುವಾಗಬೇಕಿದ್ದದ್ದು ಜುಲೈ 7ಕ್ಕೆ. ಮೂರು ದಿನದಲ್ಲಿ ಎಲ್ಲವನ್ನೂ ಮತ್ತೆ ಕಳಿಸಿ, ನೌಕೆಯನ್ನು ಮುಖ್ಯ ಕಂಪ್ಯೂಟರಿಗೆ ಮರಳಿಸಿ, ಪಟ್ಟಿಯನ್ನು ಹೇಳಿದ ಹೊತ್ತಿಗೆ ಶುರುಮಾಡಿಸಿದರು. ಗ್ರಹಶೋಧದ ಇತಿಹಾಸ ಬರೆಯುವವರು ಸಾಮಾನ್ಯವಾಗಿ ಕ್ಯಾಮೆರಾಗಳ ಬಗ್ಗೆ ಬರೆಯುತ್ತಾರೆ. ಈ ಮೂರು ದಿನಗಳಿಗೂ ಅಷ್ಟೇ ಪುಟ ಮೀಸಲಿಡಬೇಕು.

ಭೇಟಿಯ ದಿನ ನೌಕೆ ನೋಡುವುದರಲ್ಲಿ ಮುಳುಗಿದ್ದರಿಂದ ಭೂಮಿಗೆ ಏನನ್ನೂ ಹೇಳಲಿಲ್ಲ. ಒಂಬತ್ತೂವರೆ ವರ್ಷದ ಓಟದ ಕೊನೆಗೆ ಅದು ಗುರಿಯಿಟ್ಟಿದ್ದ 60ಕ್ಕೆ 90 ಕಿ.ಮೀ. ಅಳತೆಯ ಕಿಂಡಿಯೊಳಗೇ ತೂರಿತ್ತು, ಅದೂ ಅಂದಾಜಿಗಿಂತ ಸುಮಾರು ಒಂದು ನಿಮಿಷ ಮೊದಲು. ಅದು ಉಳಿದಿದೆ ಎಂಬ ಸುದ್ದಿ ಮುಟ್ಟಿದ್ದು ಆ ರಾತ್ರಿ, ಭಾರತದಲ್ಲಿ ಮರುದಿನ ಬೆಳಗಿನ 6 ಗಂಟೆ 22 ನಿಮಿಷಕ್ಕೆ. ದತ್ತಾಂಶ ಬರುವ ವೇಗವಂತೂ ಸೆಕೆಂಡಿಗೆ ಒಂದೆರಡು ಕಿಲೋಬಿಟ್. ಕೆಲವೇ ದಿನಗಳಲ್ಲಿ ಗುಡ್ಡೆ ಹಾಕಿಕೊಂಡ ಸುಮಾರು 6 ಗಿಗಾಬೈಟ್ ಮಾಹಿತಿ ಪೂರ್ತಿ ಇಳಿದದ್ದು 2016ರ ಅಕ್ಟೋಬರ್ 25ಕ್ಕೆ, ಹದಿನೈದು ತಿಂಗಳ ನಂತರ.

ಕಂಡದ್ದೇನು? ಸೂರ್ಯನಿಂದ ಇಷ್ಟು ದೂರದ, ಸೊನ್ನೆಗಿಂತ 230 ಡಿಗ್ರಿ ಕೆಳಗಿನ ಚಳಿಯ ಸಣ್ಣ ಗೋಳವೊಂದು ಕುಳಿಗಳಿಂದ ತುಂಬಿದ ಹಳೆಯ ಬಂಡೆಯಂತಿರಬಹುದು ಎಂಬ ನಿರೀಕ್ಷೆ ಹಲವರದಾಗಿತ್ತು. ಎದುರಾದದ್ದು ಹೃದಯದಾಕಾರದ, ಥಳಥಳಿಸುವ ಬಿಳಿಯ ಪ್ರದೇಶ. ಅದಕ್ಕೆ ಟಾಂಬೊ ಹೆಸರನ್ನೇ ಇಟ್ಟಿದ್ದಾರೆ. ಹೃದಯದ ಎಡಭಾಗ ಸ್ಪುಟ್ನಿಕ್ ಬಯಲು, ಸುಮಾರು ಸಾವಿರ ಕಿ.ಮೀ. ಅಗಲ. ಅಲ್ಲಿ ಒಂದೇ ಒಂದು ಉಲ್ಕಾಕುಳಿ ಕಾಣುವುದಿಲ್ಲ, ಹಾಗಾಗಿ ಅದರ ಮೇಲ್ಮೈಗೆ ಹೆಚ್ಚೆಂದರೆ ಒಂದು ಕೋಟಿ ವರ್ಷ. ನಾನೂರೈವತ್ತು ಕೋಟಿ ವರ್ಷದ ಸೌರಮಂಡಲದಲ್ಲಿ ಅದು ನಿನ್ನೆಮೊನ್ನೆಯದು.

ಈ ಬಯಲು ಹೆಪ್ಪುಗಟ್ಟಿದ ಸಾರಜನಕದ್ದು. ಹತ್ತರಿಂದ ನಲವತ್ತು ಕಿ.ಮೀ. ಅಗಲದ ಬಹುಭುಜಗಳಾಗಿ ಅದು ಒಡೆದುಕೊಂಡಿದೆ. ಪ್ಲೂಟೊದ ಒಡಲಿನ ಬಂಡೆಯಲ್ಲಿರುವ ವಿಕಿರಣಶೀಲ ಧಾತುಗಳ ಶಾಖ ಮೆಲ್ಲಗೆ ಮೇಲಕ್ಕೆ ಬರುತ್ತದೆ. ಆ ಚಳಿಯಲ್ಲಿಯೂ ಮೆದುವಾಗಿಯೇ ಇರುವ ಸಾರಜನಕದ ಮಂಜು, ಒಲೆಯ ಮೇಲಿನ ಗಂಜಿ ಹೊರಳುವಂತೆ, ಪ್ರತಿ ಬಹುಭುಜದ ನಡುವಿನಿಂದ ಎದ್ದು ಅಂಚಿನಲ್ಲಿ ಇಳಿಯುತ್ತದೆ. ವರ್ಷಕ್ಕೆ ಕೆಲವು ಸೆಂಟಿಮೀಟರಿನ ವೇಗ. ಲೆಕ್ಕದ ಪ್ರಕಾರ ಸುಮಾರು ಐದು ಲಕ್ಷ ವರ್ಷಕ್ಕೊಮ್ಮೆ ಮೇಲ್ಮೈ ಪೂರ್ತಿ ಹೊಸದಾಗುತ್ತದೆ, ಬಿದ್ದ ಕುಳಿಗಳು ಅಳಿಸಿಹೋಗುತ್ತವೆ.

ಬಯಲಿನ ಅಂಚಿನ ಬೆಟ್ಟಗಳು ನೀರಿನ ಮಂಜುಗಡ್ಡೆಯವು. ಅಲ್ಲಿನ ಚಳಿಗೆ ನೀರಿನ ಮಂಜು ಕಲ್ಲಿನಷ್ಟು ಗಟ್ಟಿ; ಸಾರಜನಕದ ಮಂಜಿಗೆ ಅಂಥ ಎತ್ತರ ಹೊರುವ ತ್ರಾಣವಿಲ್ಲ. ಇವುಗಳಲ್ಲಿ ಅತಿ ಎತ್ತರದವು ಸುಮಾರು ಆರು ಕಿ.ಮೀ. ಏರುತ್ತವೆ. ಆ ಶ್ರೇಣಿಗೆ ತೇನ್‌ಸಿಂಗ್ ನೋರ್ಗೆ ಹೆಸರು, ಪಕ್ಕದ ಶ್ರೇಣಿಗೆ ಎಡ್ಮಂಡ್ ಹಿಲರಿ ಹೆಸರು. ಬಯಲಿನ ದಕ್ಷಿಣಕ್ಕೆ 150 ಕಿ.ಮೀ. ಅಗಲದ, ನಾಲ್ಕು ಕಿ.ಮೀ. ಎತ್ತರದ ರೈಟ್ ಎಂಬ ದಿಬ್ಬದ ನಡುವೆ ಆಳವಾದ ಹೊಂಡವಿದೆ. ಲಾವಾದ ಬದಲು ಮಂಜಿನ ಕೆಸರನ್ನು ಉಗುಳಿದ ಜ್ವಾಲಾಮುಖಿ ಅದಾಗಿರಬಹುದು. ಹಾಗಿದ್ದರೆ ಒಳಗೆ ಶಾಖ ಎಲ್ಲಿಂದ ಬಂತು, ಮಂಜಿನ ಚಿಪ್ಪಿನಡಿ ದ್ರವ ನೀರಿನ ಸಾಗರ ಇದೆಯೇ ಎಂಬ ಚರ್ಚೆ ಇನ್ನೂ ನಡೆದಿದೆ.

ಹಾದುಹೋದ ಹದಿನೈದು ನಿಮಿಷಕ್ಕೆ ನೌಕೆ ಹಿಂತಿರುಗಿ ಸೂರ್ಯನ ಕಡೆ ನೋಡಿತು. ಇಡೀ ಯಾತ್ರೆಯ ಅತ್ಯುತ್ತಮ ಚಿತ್ರ ಯಾವುದೆಂದರೆ ಬಹುಶಃ ಆಗ ತೆಗೆದದ್ದೇ: ಬೆಟ್ಟಗಳ ಉದ್ದ ನೆರಳು, ಅವುಗಳ ಮೇಲೆ ಪದರ ಪದರವಾಗಿ ನಿಂತ ಮಂಜುಮುಸುಕು. ಇಪ್ಪತ್ತರಷ್ಟು ಪದರಗಳು, 200 ಕಿ.ಮೀ. ಎತ್ತರದವರೆಗೆ. ಸೂರ್ಯನ ಅತಿನೇರಳೆ ಕಿರಣ ಮೀಥೇನನ್ನು ಒಡೆದು ಕಟ್ಟಿದ ಕಣಗಳು ಇವು. ಹಿಂಬೆಳಕಿನಲ್ಲಿ ನೀಲಿಯಾಗಿ ಕಾಣುತ್ತವೆ, ನೆಲಕ್ಕಿಳಿದು ಕೂತಾಗ ಕೆಂಗಂದು ಬಣ್ಣ ಬಳಿಯುತ್ತವೆ. ಗಾಳಿಯ ಒತ್ತಡವೋ ಭೂಮಿಯದರ ಲಕ್ಷದಲ್ಲಿ ಒಂದು ಪಾಲಿನಷ್ಟು.

ಕ್ಯಾರನ್‌ಗೆ ಗಾಳಿ ಇಲ್ಲ, ಆದರೂ ಉತ್ತರ ಧ್ರುವ ಕೆಂಪಾಗಿದೆ. ಪ್ಲೂಟೊದಿಂದ ತಪ್ಪಿಸಿಕೊಂಡ ಮೀಥೇನ್ ಕ್ಯಾರನ್‌ನ ದೀರ್ಘ ಚಳಿಗಾಲದ ಧ್ರುವದಲ್ಲಿ ಹೆಪ್ಪುಗಟ್ಟಿ, ಕಿರಣಗಳ ಹೊಡೆತಕ್ಕೆ ಕೆಂಪು ಸಂಯುಕ್ತಗಳಾಗಿ ಉಳಿದುಕೊಳ್ಳುತ್ತದೆ ಎಂಬುದು ವಿವರಣೆ. ಒಂದು ಕಾಯದ ಉಸಿರು ಇನ್ನೊಂದರ ನೆತ್ತಿಗೆ ಬಣ್ಣ ಹಚ್ಚುವುದು ಬೇರೆಲ್ಲೂ ಹೀಗೆ ಕಂಡಿಲ್ಲ. ಕ್ಯಾರನ್‌ನ ನಡುವೆ ಸಾವಿರ ಕಿ.ಮೀ.ಗೂ ಉದ್ದದ ಕಮರಿಗಳ ಪಟ್ಟಿಯೊಂದು ಸೀಳಿದೆ. ಒಳಗಿದ್ದ ನೀರು ಹೆಪ್ಪುಗಟ್ಟಿ ಹಿಗ್ಗಿದಾಗ ಚಿಪ್ಪು ಬಿರಿದಿರಬೇಕು.

ಕ್ಯಾರನ್ ಮೇಲಿನ ಹೆಸರುಗಳು ಪಯಣ ಮಾಡಿದವರ ಕಥೆಗಳಿಂದ ಬಂದವು. ಒಂದು ಕುಳಿಗೆ ರೇವತಿ ಎಂದು ಹೆಸರು. ಬಲರಾಮನ ಮಡದಿ ಮದುವೆಗೆ ಮೊದಲು ತಂದೆಯೊಂದಿಗೆ ಬ್ರಹ್ಮಲೋಕಕ್ಕೆ ಹೋಗಿ ಮರಳುವಷ್ಟರಲ್ಲಿ ಭೂಮಿಯಲ್ಲಿ ಯುಗಗಳೇ ಉರುಳಿದ್ದವೆಂಬ ಪುರಾಣದ ಕಥೆಯನ್ನು ಬಲ್ಲವರಿಗೆ ಈ ಆಯ್ಕೆ ಎಷ್ಟು ಒಪ್ಪುತ್ತದೆಂದು ಹೇಳಬೇಕಿಲ್ಲ.

ಪುಟ್ಟ ಚಂದ್ರರು ನಾಲ್ಕೂ ದುಂಡಗಿಲ್ಲ. ನಿಕ್ಸ್, ಹೈಡ್ರಾ ಸುಮಾರು 50 ಕಿ.ಮೀ. ಉದ್ದದವು, ಉಳಿದೆರಡು ಇನ್ನೂ ಚಿಕ್ಕವು. ಹೈಡ್ರಾ ಸುಮಾರು ಹತ್ತು ಗಂಟೆಗೊಮ್ಮೆ ತನ್ನ ಸುತ್ತ ತಿರುಗುತ್ತದೆ. ಪ್ಲೂಟೊವನ್ನು ಸುತ್ತಲು ಅದಕ್ಕೆ 38 ದಿನ. ಚಂದ್ರರೆಲ್ಲ ಕಾಲಕ್ರಮೇಣ ಒಂದೇ ಮುಖ ತೋರಿಸುವ ಶಿಸ್ತಿಗೆ ಬರುವುದು ವಾಡಿಕೆಯಾದರೂ ಪ್ಲೂಟೊ, ಕ್ಯಾರನ್ ಎರಡರ ಎಳೆದಾಟದ ನಡುವೆ ಇವಕ್ಕೆ ಆ ಶಿಸ್ತು ಬಂದಿಲ್ಲ. ಇವು ಹೊಳೆಯುವ ನೀರಿನ ಮಂಜಿನವು. ಪುರಾತನ ಕಾಲದಲ್ಲಿ ಎರಡು ದೊಡ್ಡ ಕಾಯಗಳು ಡಿಕ್ಕಿ ಹೊಡೆದು ಕ್ಯಾರನ್ ಹುಟ್ಟಿತು, ಚೂರುಗಳಿಂದ ಇವು ಆದವು ಎಂಬ ವಾದಕ್ಕೆ ಇದರಿಂದ ಬಲ ಬಂತು.

ಪ್ಲೂಟೊದಲ್ಲಿ ಇಷ್ಟೆಲ್ಲ ಕಂಡದ್ದು ಅದರ ಒಂದು ಮುಖದಲ್ಲಿ. ಪ್ಲೂಟೊ ತನ್ನ ಸುತ್ತ ತಿರುಗಲು 6.4 ದಿನ ತೆಗೆದುಕೊಳ್ಳುತ್ತದೆ, ನೌಕೆಯೋ ಗಂಟೆಗಳಲ್ಲಿ ದಾಟಿಹೋಯಿತು. ಆಚೆಯ ಗೋಳಾರ್ಧ ಕ್ಯಾಮೆರಾದ ಎದುರಿಗೆ ಬಂದಾಗ ನೌಕೆ 30 ಲಕ್ಷ ಕಿ.ಮೀ.ಗೂ ದೂರದಲ್ಲಿತ್ತು, ಆ ಚಿತ್ರಗಳಲ್ಲಿ ಬೆಟ್ಟವೂ ಇಲ್ಲ, ಕಮರಿಯೂ ಇಲ್ಲ, ಕಲೆಗಳಷ್ಟೇ. ದಕ್ಷಿಣ ಧ್ರುವದ ಸುತ್ತಲಿನ ಪ್ರದೇಶ ದಶಕಗಳ ರಾತ್ರಿಯಲ್ಲಿ ಮುಳುಗಿತ್ತು. ಅದರ ಒಂದಿಷ್ಟು ಭಾಗವನ್ನು ಕ್ಯಾರನ್‌ನ ಬೆಳದಿಂಗಳಲ್ಲಿ ತೆಗೆದ ಚಿತ್ರಗಳಿಂದ ಕಷ್ಟಪಟ್ಟು ಹೊರತೆಗೆದು 2021ರಲ್ಲಿ ಪ್ರಕಟಿಸಿದರು.

ಗಾಳಿಯ ಮೇಲೆ ನಿಗಾ ಇಡಲು ಮಾತ್ರ ಭೂಮಿಯಿಂದಲೇ ಸಾಧ್ಯ, ನಕ್ಷತ್ರ ಮರೆಯಾಗುವ ಕ್ಷಣಗಳಲ್ಲಿ. 2020ರ ಜೂನ್ 6ರಂದು ನೈನಿತಾಲ್ ಬಳಿಯ ದೇವಸ್ಥಲದ 3.6 ಮೀಟರ್ ಮತ್ತು 1.3 ಮೀಟರ್ ದೂರದರ್ಶಕಗಳು ಅಂಥ ಒಂದು ಘಟನೆಯನ್ನು ಸೆರೆಹಿಡಿದವು. ಪ್ಲೂಟೊದ ಗಾಳಿಯ ಒತ್ತಡ 2015ರಿಂದೀಚೆಗೆ ಏರದೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿ ನಿಂತಿದೆ ಎಂಬ ನಿರ್ಣಯ ಅದರಿಂದ ಬಂತು. ಈ ವಿಧಾನ ಭಾರತೀಯರಿಗೆ ಹೊಸದಲ್ಲ: 1977ರಲ್ಲಿ ಯುರೇನಸ್‌ನ ಉಂಗುರಗಳನ್ನು ಹೊರಗೆಡಹಿದ ನಕ್ಷತ್ರದ ಮರೆಯಾಟವನ್ನು ಬೆಂಗಳೂರಿನ ಭಾರತೀಯ ಖಭೌತಶಾಸ್ತ್ರ ಸಂಸ್ಥೆಯವರು ಕಾವಲೂರಿನಿಂದ ದಾಖಲಿಸಿದ್ದರು.

ನೌಕೆಯ ಮುಂದಿನ ಗುರಿಯನ್ನು ನಿಖರಗೊಳಿಸಿದ್ದೂ ಇದೇ ವಿಧಾನ. 2014ರಲ್ಲಿ ಹಬಲ್ ಪತ್ತೆಮಾಡಿದ ಅರೋಕಾಥ್ ಎಂಬ ಪುಟ್ಟ ಕಾಯ 2017ರ ಜುಲೈನಲ್ಲಿ ನಕ್ಷತ್ರವೊಂದನ್ನು ಮರೆಮಾಡಿದಾಗ ಅದರ ನೆರಳು ಅರ್ಜೆಂಟೀನಾದ ಕೊಮೊಡೊರೊ ರಿವಡಾವಿಯ ಊರಿನ ಬಳಿ ಹಾಯಿತು. ಊರವರು ಬೀದಿದೀಪ ಆರಿಸಿದರು, ಹೆದ್ದಾರಿ ಮುಚ್ಚಿದರು, ಗಾಳಿಗೆ ದೂರದರ್ಶಕ ಅಲುಗದಂತೆ ಲಾರಿಗಳನ್ನು ಅಡ್ಡ ನಿಲ್ಲಿಸಿದರು. 2019ರ ಜನವರಿ 1ರಂದು ನೌಕೆ ಅಲ್ಲಿ ಹಾಯ್ದಾಗ ಕಂಡದ್ದು, ಮೆಲ್ಲಗೆ ಬಂದು ತಾಗಿ ಅಂಟಿಕೊಂಡ ಎರಡು ಉಂಡೆಗಳ, ಸುಮಾರು 36 ಕಿ.ಮೀ. ಉದ್ದದ ಕೆಂಪು ಕಾಯ. ನ್ಯೂ ಹೊರೈಜನ್ಸ್ ಈಗ ಭೂಮಿ–ಸೂರ್ಯರ ನಡುವಿನ ದೂರದ 60 ಪಟ್ಟಿಗೂ ಆಚೆ ಓಡುತ್ತಿದೆ.

ಪ್ಲೂಟೊದ ಆಚೆಯ ಮುಖವನ್ನು ನೋಡಬೇಕೆಂದರೆ ಅದನ್ನು ಸುತ್ತುವ ನೌಕೆಯೇ ಬೇಕು. ಸೀರಿಸ್ ಎಂಬ ಇನ್ನೊಂದು ಕುಬ್ಜ ಗ್ರಹವನ್ನು 2015ರ ಮಾರ್ಚಿನಿಂದ ಡಾನ್ ನೌಕೆ ಹಾಗೆ ಸುತ್ತಿತು. ಆದರೆ ಸೀರಿಸ್ ಇರುವುದು ಮಂಗಳ ಮತ್ತು ಗುರುವಿನ ನಡುವೆ. ಪ್ಲೂಟೊದ ಸೆಳೆತ ತೀರಾ ದುರ್ಬಲ: ಸೆಕೆಂಡಿಗೆ 1.2 ಕಿ.ಮೀ. ವೇಗವಿದ್ದರೆ ಅದರಿಂದ ಬಿಡಿಸಿಕೊಳ್ಳಬಹುದು. ಸೆಕೆಂಡಿಗೆ 14 ಕಿ.ಮೀ. ವೇಗದಲ್ಲಿ ಬಂದ ನೌಕೆ ಅಲ್ಲಿ ನಿಲ್ಲಬೇಕಾದರೆ ಆ ವೇಗವನ್ನೆಲ್ಲ ಇಂಧನ ಸುಟ್ಟೇ ಕಳೆಯಬೇಕು, ಇಲ್ಲವೇ ಮೊದಲಿನಿಂದಲೂ ನಿಧಾನವಾಗಿ ಹೋಗಬೇಕು. ನಾಸಾ ನೆರವಿನಿಂದ ಕಾರ್ಲಿ ಹಾವೆಟ್ ನೇತೃತ್ವದಲ್ಲಿ ನಡೆದ ಪರ್ಸೆಫೊನಿ ಎಂಬ ಅಧ್ಯಯನ ಎರಡನೆಯ ದಾರಿಯನ್ನು ಆರಿಸಿತು. ವಿದ್ಯುತ್ ಶಕ್ತಿಯ ಎಂಜಿನ್, ಐದು ಪರಮಾಣು ವಿದ್ಯುತ್ ಘಟಕಗಳು, ಸುಮಾರು 27 ವರ್ಷದ ಪಯಣ. ಇಂದು ಒಪ್ಪಿಗೆ ಸಿಕ್ಕಿದರೂ ಅಂಥ ನೌಕೆಯ ಮೊದಲ ಚಿತ್ರಗಳನ್ನು ನೋಡುವವರು ಈಗಿನ ಶಾಲಾಮಕ್ಕಳು.